ಮೂಲೆ ಸರ್ ಅವರ ಹಿನ್ನೆಲೆ

ಫೆಬ್ರವರಿ ೩, ಸೋಮವಾರ

ಮಗಳನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದದ್ದಾಯಿತು. ಬೆನ್ನಿನ ಆಪರೇಷನ್ ಚೆನ್ನಾಗಿ ಆಗಿದೆ ಎನ್ನುತ್ತಾರೆ, ಆದರೆ ಅವಳು ಬಗ್ಗುವಂತಿಲ್ಲ, ಹೆಚ್ಚು ಹೊತ್ತು ಕೂರುವಂತಿಲ್ಲ. ಅಳಿಯ ಹಡಗಿನಲ್ಲಿ ಎಂಜಿನಿಯರು. ಏಪ್ರಿಲ್ ಮುಗಿಯುವವರೆಗೆ ಅವನ ಕಾಲಿಗೆ ನೆಲ ಸೋಕುವುದಿಲ್ಲ. ಹೀಗಾಗಿ ಅಡುಗೆ, ಔಷಧ, ಮೊಮ್ಮಗಳು ಮೂರೂ ನನ್ನ ಪಾಲಿಗೆ ಬಂದಿವೆ.

ಮೊದಲೆರಡು ಹೇಗೋ ನಿಭಾಯಿಸಬಲ್ಲೆ. ಮೂರನೆಯದೇ ಕಷ್ಟ. ಅವಳಿಗೆ ಹನ್ನೆರಡು ವರ್ಷ. ಹುಟ್ಟಿದಾಗ ಬೆಣಚುಕಲ್ಲಿನಂತೆ ಗಟ್ಟಿಯಾಗಿದ್ದ ಮುಷ್ಟಿ ಬಿಚ್ಚಲೇ ಇಲ್ಲವೆಂದು ಅವಳಪ್ಪ ‘ಬೆಣಚು’ ಎಂದು ಕರೆದದ್ದು ಹಾಗೇ ನಿಂತಿದೆ. ವರ್ಷಕ್ಕೊಮ್ಮೆ ಬಂದು ಹೋಗುವ ತಾತನ ಬಳಿ ಮಾತಾಡಲು ಅವಳಿಗೇನೂ ಇಲ್ಲ, ನನಗೂ ಇಲ್ಲ. ಇಂದು ಸಂಜೆ ಬೇಸ್‌ಬಾಲ್ ಅಕಾಡೆಮಿಗೆ ಕರೆದುಕೊಂಡು ಹೋದೆ. ಬೆಣಚು ಅಲ್ಲಿ ಪಿಚರ್, ಎಂದರೆ ಚೆಂಡು ಎಸೆಯುವವಳು. ಆಟದ ತಲೆಬುಡ ನನಗೆ ತಿಳಿಯದು. ಕೋಲು ಹಿಡಿದವನು ನಿಲ್ಲುತ್ತಾನೆ, ಮಣ್ಣಿನ ದಿಬ್ಬದ ಮೇಲಿಂದ ಇನ್ನೊಬ್ಬ ಎಸೆಯುತ್ತಾನೆ, ಉಳಿದವರು ಕಾಯುತ್ತಾರೆ. ನಾನೂ ಕಾದೆ.

ಕಾಯುವ ಕೋಣೆಯ ಗೋಡೆಯ ಮೇಲೆ ಕೋಚುಗಳ ಫೋಟೊ, ಕೆಳಗೆ ಅವರವರ ಹಿನ್ನೆಲೆ. ದೊಡ್ಡ ಸರ್ ಎಂಬ ಮಾಲೀಕರದ್ದು ಇಷ್ಟುದ್ದ: ಹೊರದೇಶದ ಲೀಗ್, ಕಪ್, ಪದಕ. ಕ್ಯಾಚಿಂಗ್ ಕಲಿಸುವ ಮೇಡಂ ಶಾಲೆಯಲ್ಲಿ ವ್ಯಾಯಾಮ ಶಿಕ್ಷಕಿಯಾಗಿದ್ದವರು. ಮೂರನೆಯ ಫೋಟೊದ ಕೆಳಗೆ ‘ತರಬೇತುದಾರರು’ ಎಂಬ ಒಂದೇ ಪದ.

ವಿಮಾ ಕಂಪನಿಯಲ್ಲಿ ಸರ್ವಿಸ್ ಪೂರ್ತಿ ನಾನು ಮಾಡಿದ್ದು ಒಂದೇ ಕೆಲಸ, ಕ್ಲೇಮುಗಳ ತನಿಖೆ. ಸುಟ್ಟ ಅಂಗಡಿ ಸುಟ್ಟದ್ದು ಹೇಗೆ, ಕಳುವಾದ ಲಾರಿ ನಿಜಕ್ಕೂ ಕಳುವಾಯಿತೇ. ಅರ್ಜಿಯಲ್ಲಿ ತುಂಬಿದ ಜಾಗಕ್ಕಿಂತ ಖಾಲಿ ಬಿಟ್ಟ ಜಾಗ ಹೆಚ್ಚು ಹೇಳುತ್ತದೆಂದು ಕಿರಿಯರಿಗೆ ಕಲಿಸಿದವನು ನಾನು.

ಫೆಬ್ರವರಿ ೬, ಗುರುವಾರ

ಮೂರನೆಯವರನ್ನು ಮಕ್ಕಳು ‘ಮೂಲೆ ಸರ್’ ಎನ್ನುತ್ತಾರೆ. ಯಾವಾಗಲೂ ಬೇಲಿಯ ಮೂಲೆಯಲ್ಲೇ ನಿಂತಿರುತ್ತಾರೆ. ನಲವತ್ತು ದಾಟಿರಬೇಕು, ಒಣಕಲು ಮೈ. ಬೆಣಚು ಇವರ ಗುಂಪಿನಲ್ಲೇ ಇದ್ದಾಳೆ.

ಇಂದು ಪೇಪರು ಅಡ್ಡ ಹಿಡಿದುಕೊಂಡು ಅವರನ್ನೇ ನೋಡುತ್ತ ಕುಳಿತೆ. ಎರಡು ವಿಷಯ ಕಣ್ಣಿಗೆ ಬಿದ್ದವು.

ಬ್ಯಾಟು ಹಿಡಿಯಲು ಹೋಗುವ ಪ್ರತಿಯೊಂದು ಮಗುವನ್ನೂ ಹತ್ತಿರ ಕರೆಯುತ್ತಾರೆ. ಗಲ್ಲ ಹಿಡಿದು ಮುಖ ಎತ್ತುತ್ತಾರೆ, ಹೆಲ್ಮೆಟ್ಟಿನ ಪಟ್ಟಿಯೊಳಗೆ ಬೆರಳು ತೂರಿಸಿ ಎಳೆಯುತ್ತಾರೆ, ನೆತ್ತಿಯ ಮೇಲೆ ಕುಟ್ಟಿ ನೋಡುತ್ತಾರೆ. ಒಂದು ಸಲ ನೋಡಿದರೆ ಕಾಳಜಿ ಎನ್ನಬಹುದು. ನೀರು ಕುಡಿದು ಬಂದ ಮಗುವಿಗೂ ಮತ್ತೆ ಅದೇ ಆದರೆ? ಬೇರೆಯವರ ಮಕ್ಕಳ ಮೇಲೆ ಅಷ್ಟೊಂದು ಕೈ ಏಕೆ?

ಎರಡನೆಯದು ಇನ್ನೂ ವಿಚಿತ್ರ. ಈ ಮನುಷ್ಯ ಚೆಂಡು ಎಸೆಯುವುದೇ ಇಲ್ಲ. ದೊಡ್ಡ ಸರ್ ಎಸೆಯುತ್ತಾರೆ, ಮೇಡಂ ಎಸೆಯುತ್ತಾರೆ. ಇವರು ಚೆಂಡನ್ನು ನಡೆದು ಹೋಗಿ ಕೈಗೆ ಕೊಡುತ್ತಾರೆ, ಇಲ್ಲವೇ ನೆಲದ ಮೇಲೆ ಉರುಳಿಸುತ್ತಾರೆ. ಎಸೆಯಲು ಕಲಿಸುವವರಿಗೆ ಎಸೆಯಲು ಬರುವುದಿಲ್ಲವೇ? ಈಜು ಬಾರದವನು ಈಜು ಕಲಿಸಿದ ಹಾಗಾಯಿತು.

ಫೆಬ್ರವರಿ ೧೨, ಬುಧವಾರ

ಮೂಲೆ ಸರ್ ಹತ್ತಿರ ಹೋಗಿ, ಬಿಸಿಲಿನ ಮಾತು ಮುಗಿಸಿ, ಸಲೀಸಾಗಿ ಕೇಳಿದೆ.

“ತಮ್ಮದು ಯಾವ ಕಡೆ?”

“ದೂರ ಸಾರ್.”

“ಮೊದಲು ಎಲ್ಲಿ ಆಡ್ತಿದ್ರಿ?”

“ಆಡೋದು ಬಿಟ್ಟು ತುಂಬಾ ವರ್ಷ ಆಯ್ತು.” ಆಮೇಲೆ, “ನಿಮ್ಮ ಮೊಮ್ಮಗಳ ಮಣಿಕಟ್ಟು ಚೆನ್ನಾಗಿದೆ. ಅವಸರ ಮಾಡದೆ ಬೆಳಸ್ಬೇಕು,” ಎಂದು ಹೊರಟುಹೋದರು.

ಕೇಳಿದ್ದಕ್ಕೆ ಉತ್ತರ ಕೊಡದೆ ಕೇಳುವವನ ಮಗುವನ್ನು ಹೊಗಳುವುದು. ಈ ಆಟ ನನಗೆ ಹೊಸದಲ್ಲ.

ಮನೆಗೆ ಬಂದು ಮಗಳಿಗೆ ಹೇಳಿದೆ. ಮಲಗಿದಲ್ಲಿಂದಲೇ ನಕ್ಕಳು. “ಅಪ್ಪಾ, ನೀನು ಕಂಪನಿ ಬಿಟ್ಟು ಬಂದೆ. ಕಂಪನಿ ನಿನ್ನ ಬಿಟ್ಟಿಲ್ಲ.”

“ನಗೋ ವಿಷಯ ಅಲ್ಲಮ್ಮ.”

“ಎರಡು ವರ್ಷದಿಂದ ಹೋಗ್ತಿದಾಳೆ. ಅವಳಿಗೇನಾದ್ರೂ ಅನ್ಸಿದ್ರೆ ನನಗೆ ಹೇಳಲ್ವಾ?”

ಮಕ್ಕಳು ಎಲ್ಲವನ್ನೂ ಹೇಳುತ್ತಾರೆಂದು ತಾಯಂದಿರು ನಂಬುತ್ತಾರೆ. ನಾನು ಬೆಣಚುವನ್ನು ಸುತ್ತಿ ಬಳಸಿ ಕೇಳಿದೆ: ಸರ್ ಬೈತಾರಾ, ಒಬ್ಬಳನ್ನೇ ನಿಲ್ಲಿಸಿಕೊಳ್ತಾರಾ, ಫೋನ್ ಮಾಡ್ತಾರಾ. ಎಲ್ಲದಕ್ಕೂ ‘ಇಲ್ಲ.’ ಕೊನೆಗೆ, “ತಾತ, ನಿನಗೆ ಬೋರ್ ಆಗ್ತಿದ್ರೆ ನನ್ನ ಜತೆ ಕ್ಯಾಚ್ ಆಡು,” ಎಂದಳು.

ಫೆಬ್ರವರಿ ೧೫, ಶನಿವಾರ

ಕಾರಿಡಾರಿನಲ್ಲಿ ದಿಂಬು ಹಿಡಿದು ನಿಂತು ಬೆಣಚು ಎಸೆದದ್ದನ್ನು ತಡೆದೆ. ಎರಡು ಸಲ ಹೊಟ್ಟೆಗೆ ಬಿತ್ತು. ಎದುರುಮನೆಯವರು ಬಾಗಿಲು ತೆಗೆದು ನೋಡಿ ಹಾಕಿಕೊಂಡರು. ಗ್ಲೌಸಿನ ದಾರ ಸಡಿಲವಾಗಿತ್ತು, ಬಿಗಿದು ಕಟ್ಟಿಕೊಟ್ಟೆ. ಇದರಲ್ಲೇ ಒಂದು ಗಂಟೆ ಹಾಳು.

ಸಂಜೆ ದೊಡ್ಡ ಸರ್ ಅವರ ಹಿನ್ನೆಲೆಯನ್ನೂ ಕೆದಕಿದೆ. ಗೋಡೆಯ ಮೇಲಿನ ಗುಂಪು ಫೋಟೊ ತೋರಿಸಿ, “ನೀವು ಯಾವ ಜಾಗದಲ್ಲಿ ಆಡಿದ್ದು?” ಎಂದೆ. ಹೊಟ್ಟೆ ಕುಣಿಸಿ ನಕ್ಕರು. “ಸಾರ್, ಆಡಿದ್ರೆ ತಾನೇ? ಮ್ಯಾಚ್‌ಗೆ ಮೊದಲು ಪಿಚರ್‌ಗಳ ಕೈ ಬಿಸಿ ಆಗೋಕೆ ಚೆಂಡು ಹಿಡಿಯೋನು ಒಬ್ಬ ಬೇಕಲ್ಲ, ಅವನು ನಾನು. ಆದ್ರೂ ಲೀಗ್ ಲೀಗೇ ಅಲ್ವಾ?” ಸುಳ್ಳನ್ನು ಇಷ್ಟು ಸಲೀಸಾಗಿ ಒಪ್ಪಿಕೊಂಡರೆ ಅದರ ಮೇಲೆ ಸಿಟ್ಟು ಬರುವುದಿಲ್ಲ.

“ಮೂಲೆ ಸರ್‌ದು ಯಾಕೆ ಏನೂ ಬರೆದಿಲ್ಲ?”

“ಬೇಡ ಅಂದ್ರು. ಒಳ್ಳೆ ಕೋಚು, ಮಕ್ಕಳು ಇಷ್ಟಪಡ್ತಾರೆ. ಅದಕ್ಕಿಂತ ಹೆಚ್ಚು ನಾನೂ ಕೇಳಲಿಲ್ಲ.”

ಕೇಳಲಿಲ್ಲವಂತೆ. ಮಕ್ಕಳನ್ನು ಒಪ್ಪಿಸುವ ಜಾಗದಲ್ಲಿ.

ಫೆಬ್ರವರಿ ೧೯, ಬುಧವಾರ

ಹಳೆಯ ಸಹೋದ್ಯೋಗಿಗೆ ಹೇಳಿದ್ದೆ. ಅವನಿಗೆ ಎಲ್ಲ ಊರಲ್ಲೂ ಒಬ್ಬ ಗುರುತಿನವನಿರುತ್ತಾನೆ. ಇಂದು ಫೋನು ಬಂತು.

“ನಿನ್ನ ಆಸಾಮಿ ಮೊದಲು ಇನ್ನೊಂದು ಅಕಾಡೆಮಿಯಲ್ಲಿದ್ದ. ಸೀಸನ್ ನಡುವೆನೇ ಬಿಟ್ಟು ಹೋಗಿದಾನೆ. ಅಪ್ಪ ಅಮ್ಮಂದಿರು ದೂರು ಕೊಟ್ಟಿದ್ರಂತೆ.”

“ಏನಂತ?”

“ಬಾಯಿ ಬಿಡ್ತಿಲ್ಲ. ಒಂದು ಮಗುವಿನ ವಿಷಯ ಅಂತ ಮಾತ್ರ ಅಂದ್ರು.”

ಒಂದು ಮಗುವಿನ ವಿಷಯ. ಅಡುಗೆಮನೆಯಲ್ಲಿ ಫೋನು ಹಿಡಿದು ನಿಂತೇ ಇದ್ದೆ, ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು.

ಫೆಬ್ರವರಿ ೨೦, ಗುರುವಾರ

ಕಾಯುವ ಕೋಣೆಯಲ್ಲಿ ಹಲ್ಲಿನ ಡಾಕ್ಟರಮ್ಮ ಸಿಕ್ಕಿದರು. ಅವರ ಮಗಳೂ ಅದೇ ಗುಂಪಿನಲ್ಲಿದ್ದಾಳೆ. ತಿಳಿದಷ್ಟನ್ನು ಹೇಳಿದೆ. ಹೆಲ್ಮೆಟ್ಟಿನ ವಿಷಯವನ್ನೂ ಹೇಳಿದೆ. ಒಂದು ಮಾತನ್ನೂ ಸೇರಿಸಲಿಲ್ಲ, ಇದ್ದದ್ದು ಇದ್ದ ಹಾಗೆ.

ಅವರ ಮುಖ ಬಿಳಿಚಿಕೊಂಡಿತು. “ನನ್ನ ಮಗಳ ಗಲ್ಲ ಹಿಡಿಯೋದನ್ನ ನಾನೇ ನೋಡಿದೀನಿ. ಹೊಳೆಯಲೇ ಇಲ್ಲ ನೋಡಿ,” ಎಂದರು.

ನನ್ನ ಕರ್ತವ್ಯ ಮುಗಿಯಿತು.

ಫೆಬ್ರವರಿ ೨೫, ಮಂಗಳವಾರ

ಬೇಲಿಯ ಮೂಲೆ ಖಾಲಿ. ಗೋಡೆಯ ಮೇಲೆ ಫೋಟೊ ಇದ್ದ ಜಾಗದಲ್ಲಿ ಬಣ್ಣ ಬೇರೆಯಾಗಿ ಕಾಣುತ್ತಿದೆ. ಎಂಟು ಮನೆಯವರು ಒಟ್ಟಿಗೆ ಹೋಗಿ, ಅವರಿದ್ದರೆ ನಮ್ಮ ಮಕ್ಕಳು ಬರುವುದಿಲ್ಲ ಎಂದರಂತೆ. ದೊಡ್ಡ ಸರ್ ಅಂದೇ ಕಳಿಸಿಬಿಟ್ಟರು. ಮೂಲೆ ಸರ್ ಏನೂ ವಾದಿಸಲಿಲ್ಲವೆಂದು ಡಾಕ್ಟರು ಹೇಳಿದರು. “ತಪ್ಪಿಲ್ದೋರು ಸುಮ್ನೆ ಹೋಗ್ತಾರಾ?”

ನಾನೂ ಹಾಗೇ ಅಂದುಕೊಂಡೆ. ದಾರಿಯುದ್ದಕ್ಕೂ ಬೆಣಚು ಕಿಟಕಿಯ ಕಡೆಗೇ ತಿರುಗಿದ್ದಳು.

ಫೆಬ್ರವರಿ ೨೭, ಗುರುವಾರ

ಮಾತಿಲ್ಲ. ದಿಂಬು ಹಿಡಿದು ನಿಂತೆ, ಬೆಣಚು ಬರಲಿಲ್ಲ. ಮಗಳು, “ಏನಾಯ್ತು ನಿಮ್ಮಿಬ್ಬರಿಗೆ?” ಎಂದಳು. ವಯಸ್ಸು ಎಂದೆ. ಯಾರದ್ದು ಎಂದು ಕೇಳಿದಳು.

ಮಾರ್ಚ್ ೬, ಗುರುವಾರ

ಬೆಣಚು ಈಗ ದೊಡ್ಡ ಸರ್ ಗುಂಪಿನಲ್ಲಿದ್ದಾಳೆ. ಚೆಂಡು ಬಿಡುವಾಗ ಭುಜ ಮುಂಚೆಯೇ ಪಕ್ಕಕ್ಕೆ ತಿರುಗಿ ತೆರೆದುಕೊಳ್ಳುತ್ತಿದೆ; ಅದಕ್ಕೇ ಎಲ್ಲ ಎಡಕ್ಕೆ ಹೋಗುತ್ತಿವೆ. ಯಾರೂ ತಿದ್ದುತ್ತಿಲ್ಲ. ನನಗೇ ಕಾಣುವುದು ಅವರಿಗೆ ಕಾಣುವುದಿಲ್ಲವೇ?

ಸಹೋದ್ಯೋಗಿಯ ಫೋನು ಮತ್ತೆ ಬಂತು. ಆ ‘ಮಗು’ ಯಾರೆಂದು ಪತ್ತೆಯಾಗಿದೆ. ಅಕಾಡೆಮಿಯ ಮಗು ಅಲ್ಲವಂತೆ, ಹಳೆಯ ವಿಷಯ. ಈಗ ಅವನಿರುವ ಊರು ಬಸ್ಸಿನಲ್ಲಿ ಅರ್ಧ ದಿನದ ದಾರಿ. ನಿನ್ನ ಆಸಾಮಿ ಕೆಲಸ ಬಿಟ್ಟು ಹೋಗಿದ್ದಾನೆ, ಇನ್ನೇಕೆ ತಲೆನೋವು ಎಂದು ಅವನೇ ಅಂದ. ಆದರೆ ಅರ್ಧ ತಿಳಿದ ಕೇಸು ಉಗುರಿನೊಳಗಿನ ಸಿಬಿರಿನಂತೆ. ಜತೆಗೆ, ಬೆಣಚುವಿನ ಮುಂದೆ ಇಡಲು ನನಗೆ ಒಂದು ಖಚಿತವಾದ ಮಾತು ಬೇಕು.

ಪಕ್ಕದ ಮನೆಯ ನರ್ಸು ಶನಿವಾರ ಮಗಳನ್ನು ನೋಡಿಕೊಳ್ಳಲು ಒಪ್ಪಿದ್ದಾರೆ.

ಮಾರ್ಚ್ ೮, ಶನಿವಾರ

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಗಡಿಯಾರ ರಿಪೇರಿ ಅಂಗಡಿ. ಗಾಜಿನ ಹಿಂದೆ ನನ್ನ ಅಳಿಯನ ವಯಸ್ಸಿನ ಗುಂಡುಮುಖದ ಮನುಷ್ಯ, ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕುಳಿತಿದ್ದ. ಎಡಗಣ್ಣು ಅಲುಗುತ್ತಿರಲಿಲ್ಲ. ನಾನು ನೋಡಿದ್ದನ್ನು ಅವನೂ ನೋಡಿದ.

“ಗಾಜಿಂದು,” ಎಂದ. “ಈ ಕೆಲಸದಲ್ಲಿ ಎಲ್ಲರೂ ಒಂದು ಕಣ್ಣು ಮುಚ್ಕೊಂಡೇ ಕೂರ್ಬೇಕು. ನನಗೆ ಅಷ್ಟು ಶ್ರಮ ಉಳೀತು.”

ಮೂಲೆ ಸರ್ ಮಕ್ಕಳಿಗೆ ಕಲಿಸುವ ಕಡೆಯಿಂದ ಬಂದಿದ್ದೇನೆ ಎಂದೆ. ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟ.

“ಮತ್ತೆ ಯಾರಾದ್ರೂ ಓಡಿಸಿದ್ರಾ ಅವನನ್ನ?”

ನಾನು ಎದುರಿನ ಕುರ್ಚಿಯಲ್ಲಿ ಕುಳಿತೆ. ಅವನೇ ಹೇಳಿದ. ಇಬ್ಬರೂ ಒಂದೇ ಶಾಲೆ, ಒಂದೇ ಬೆಂಚು. ಆ ವರ್ಷ ಇಡೀ ಜಿಲ್ಲೆಯಲ್ಲಿ ಮೂಲೆ ಸರ್ ಅವರಷ್ಟು ಜೋರಾಗಿ ಎಸೆಯುವವರು ಇರಲಿಲ್ಲವಂತೆ. ದೊಡ್ಡ ತಂಡದವರು ನೋಡಲು ಬರುವ ದಿನ ಹತ್ತಿರವಿತ್ತು. ಅಭ್ಯಾಸಕ್ಕೆ ಬ್ಯಾಟು ಹಿಡಿದು ಇವನು ನಿಂತ.

“ನನ್ನ ಹೆಲ್ಮೆಟ್ ಪಟ್ಟಿ ಕಿತ್ತುಹೋಗಿತ್ತು. ಪರವಾಗಿಲ್ಲ ಎಸಿ ಅಂದೋನು ನಾನೇ. ಚೆಂಡು ನನ್ನ ಮುಖದ ಕಡೆಗೇ ಬಂತು, ನಾನು ತಿರುಗಿದೆ, ಹೆಲ್ಮೆಟ್ ತಿರುಗಲಿಲ್ಲ.” ಕೈಯಲ್ಲಿದ್ದ ಪುಟ್ಟ ಸ್ಕ್ರೂಡ್ರೈವರನ್ನು ಒರೆಸಿದ. “ಅವತ್ತಿಂದ ಅವನು ಎಸೆದಿಲ್ಲ. ಆಯ್ಕೆಗೂ ಹೋಗ್ಲಿಲ್ಲ.”

“ಅಲ್ಲಿಂದ ಯಾಕೆ ಬಿಡಿಸಿದ್ರು?”

“ಒಬ್ಬರು ಅಮ್ಮನಿಗೆ ಗೊತ್ತಾಯ್ತು. ಮಗುವಿನ ಕಣ್ಣು ತೆಗೆದೋನು ನಮ್ಮ ಮಕ್ಕಳಿಗೆ ಬೇಡ ಅಂದ್ರು. ನಾನೇ ಹೋಗಿ ಹೇಳ್ತೀನಿ ಅಂದೆ, ಅವನು ಬಿಡಲಿಲ್ಲ.” ಸ್ಕ್ರೂಡ್ರೈವರನ್ನು ಕೆಳಗಿಟ್ಟು ಹೇಳಿದ: “ವರ್ಷಾ ವರ್ಷಾ ಬರ್ತಿದ್ದ. ಬಂದು ಅಲ್ಲಿ ಸ್ಟೂಲ್ ಮೇಲೆ ಕೂತು ನನ್ನ ಮುಖ ನೋಡೋನು. ನನಗೆ ಹೆಂಡತಿ ಇದಾಳೆ, ಮಗ ಇದಾನೆ, ಅಂಗಡಿ ಇದೆ. ಅವನು ಬಂದಾಗ ಮಾತ್ರ ನಾನು ಕುರುಡ ಆಗ್ತಿದ್ದೆ. ಕೊನೆಗೆ ಬರಬೇಡ ಕಣೋ ಅಂದ್ಬಿಟ್ಟೆ. ಹಾಗನ್ನಬಾರದಿತ್ತೇನೋ.”

ಎದ್ದು ನಿಂತೆ. ಅವನು ಕೇಳಿದ, “ನೀವು ಯಾಕೆ ಬಂದ್ರಿ ಅಂತ ಹೇಳಲೇ ಇಲ್ಲ.”

ಗಡಿಯಾರ ನಿಂತಿದೆ ಎಂದೆ. ಕೈಯಿಂದ ಬಿಚ್ಚಿಕೊಟ್ಟೆ. ಅವನು ಕಿವಿಗೆ ಹಿಡಿದು, “ಚೆನ್ನಾಗೇ ನಡೀತಿದೆಯಲ್ಲ ಸಾರ್,” ಎಂದು ವಾಪಸು ಕೊಟ್ಟ.

ಮಾರ್ಚ್ ೯, ಭಾನುವಾರ

ಬೆಣಚುವನ್ನು ಬಾಲ್ಕನಿಗೆ ಕರೆದು, ಮೂಲೆ ಸರ್ ಬಗ್ಗೆ ಒಂದು ವಿಷಯ ಹೇಳಬೇಕು ಎಂದೆ. ಅವರು ಚಿಕ್ಕವರಿದ್ದಾಗ ಒಂದು ಅಪಘಾತ ಆಯಿತು, ಎಂದು ಶುರುಮಾಡಿದೆ.

“ಫ್ರೆಂಡ್ ಕಣ್ಣು ಹೋಯ್ತು. ಗೊತ್ತು,” ಎಂದಳು.

“ಯಾರು ಹೇಳಿದ್ರು?”

“ಅವರೇ. ಮೊದಲನೇ ದಿನವೇ ಎಲ್ಲರಿಗೂ ಹೇಳ್ತಾರೆ. ಹೆಲ್ಮೆಟ್ ಸಡಿಲ ಇದ್ರೆ ಏನಾಗತ್ತೆ ಅಂತ. ನಾನು ಎಸೆದ ಚೆಂಡು ಅಂತಾನೇ ಹೇಳ್ತಾರೆ.”

“ನನಗ್ಯಾಕೆ ಹೇಳಲಿಲ್ಲ ನೀನು?”

“ನೀನು ಕೇಳಿದ್ದು ಬೈತಾರಾ, ಫೋನ್ ಮಾಡ್ತಾರಾ ಅಂತ. ಅವರು ಯಾರು ಅಂತ ಕೇಳಲೇ ಇಲ್ವಲ್ಲ.” ಆಮೇಲೆ ನನ್ನನ್ನು ನೇರವಾಗಿ ನೋಡಿದಳು. “ಡಾಕ್ಟರ್ ಆಂಟಿಗೆ ಹೇಳಿದ್ದು ನೀನೇನಾ?”

ಹೌದು ಎಂದೆ. ಅವಳು ಒಳಗೆ ಹೋಗಿ ಅಮ್ಮನ ಪಕ್ಕದಲ್ಲಿ ಮಲಗಿದಳು.

ನಾನು ವಾಸ್ತವವನ್ನೇ ಹೇಳಿದ್ದೆ. ಪ್ರತಿಯೊಂದು ಮಾತೂ ನಿಜವಾಗಿತ್ತು.

ಮಾರ್ಚ್ ೧೧, ಮಂಗಳವಾರ

ಕಾಯುವ ಕೋಣೆಯಲ್ಲಿ ಡಾಕ್ಟರ ಬಳಿ ಹೋಗಿ ಎಲ್ಲ ವಿವರಿಸಿದೆ. ತಲೆ ಓರೆ ಮಾಡಿ ಕೇಳಿಸಿಕೊಂಡು, “ನೀವು ಒಳ್ಳೆಯವರು, ನಂಬಿಬಿಟ್ಟಿದ್ದೀರಿ,” ಎಂದರು. ನನ್ನನ್ನು ಹೀಗೆ ಅಂದವರು ಜೀವನದಲ್ಲಿ ಇವರೇ ಮೊದಲು. ಆಮೇಲೆ ಬಂದು ಪಕ್ಕದಲ್ಲಿ ಕುಳಿತ ಇನ್ನೊಬ್ಬ ತಾಯಿ, ಯಾರಿಂದ ಹೊರಟ ಸುದ್ದಿಯೆಂದು ತಿಳಿಯದೆ, ನನಗೇ ಹೇಳಿದರು: ಆ ಮನುಷ್ಯ ಜೈಲಿಗೆ ಹೋಗಿ ಬಂದಿದ್ದಾನಂತೆ, ನಂಬಿಕಸ್ಥರೇ ಹೇಳಿದರಂತೆ.

“ಯಾರು ನಂಬಿಕಸ್ಥರು?”

“ಯಾರೋ ಇನ್ಶೂರೆನ್ಸ್ ಕಂಪನಿಯವರು. ಅವರಿಗೆ ಎಲ್ಲಾ ಗೊತ್ತಿರತ್ತೆ.”

ದೊಡ್ಡ ಸರ್ ಬಾಗಿಲು ಮುಚ್ಚಿಕೊಂಡು ಮಾತಾಡಿದರು. “ಹೇಳಿದ್ದೂ ನೀವೇ, ಅಲ್ಲ ಅನ್ನೋದೂ ನೀವೇ. ಎಂಟು ಮನೆಯವರನ್ನ ನಾನು ಹೇಗೆ ಒಪ್ಪಿಸ್ಲಿ? ನಾನು ಕಣ್ಣೆದುರು ಸುಳ್ಳು ಬರೆಸಿಕೊಂಡು ಕೂತಿದೀನಿ, ನನ್ನನ್ನ ಯಾರೂ ಕೇಳಲ್ಲ. ಅವರು ಏನೂ ಬರೆಸಲಿಲ್ಲ, ಅದೇ ತಪ್ಪಾಯ್ತು.”

ಹೊರಗೆ ಬರುವಾಗ ಡಾಕ್ಟರು ಇನ್ನೊಬ್ಬರ ಕಿವಿಯಲ್ಲಿ ಏನೋ ಹೇಳಿದರು. ಇಬ್ಬರೂ ನನ್ನ ಕಡೆ ನೋಡಿದರು. ನೋಟದ ಗುರುತು ಸಿಕ್ಕಿತು. ಇಷ್ಟು ವರ್ಷ ನಾನು ಜನರನ್ನು ನೋಡಿದ ನೋಟ ಅದು.

ಮಾರ್ಚ್ ೧೪, ಶುಕ್ರವಾರ

ಮೇಡಂ ವಿಳಾಸ ಕೊಟ್ಟರು. ಹಾಸಿಗೆ ಅಂಗಡಿಯ ಮೇಲಿನ ಒಂದು ಕೋಣೆ. ಮೂಲೆ ಸರ್ ಬಾಗಿಲು ತೆರೆದು, ಇದ್ದ ಒಂದೇ ಕುರ್ಚಿಯ ಮೇಲಿನ ಬಟ್ಟೆ ಎತ್ತಿ, ಕೂರಿ ಎಂದರು. ತಾವು ಕಿಟಕಿಗೆ ಒರಗಿ ನಿಂತರು.

ಎಲ್ಲ ಶುರುವಾದದ್ದು ನನ್ನಿಂದ ಎಂದೆ.

“ಗೊತ್ತು ಸಾರ್. ನೀವು ಪೇಪರ್ ತಲೆಕೆಳಗಾಗಿ ಹಿಡ್ಕೊಂಡು ನೋಡ್ತಿದ್ರಿ ಒಂದು ದಿನ.”

ಅವರು ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಗಡಿಯಾರದ ಅಂಗಡಿಗೆ ಹೋಗಿದ್ದೆ ಎಂದಾಗ ಮಾತ್ರ ಕಿಟಕಿ ಬಿಟ್ಟು ಮುಂದೆ ಬಂದರು.

“ನೋಡಿದ್ರಾ ಅವನನ್ನ? ಹೇಗಿದಾನೆ?”

ದಪ್ಪಗಾಗಿದ್ದಾನೆ ಎಂದೆ. ಅಂಗಡಿ ದೊಡ್ಡದಾ ಎಂದು ಕೇಳಿದರು. ಗೋಡೆಯ ತುಂಬ ಗಡಿಯಾರ, ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತದೆ. ಮೇಜಿನ ಮೇಲೆ ಮಗನ ಫೋಟೊ, ಮುಂದಿನ ಹಲ್ಲು ಬಿದ್ದಿದೆ. ಅಂಗಿಗೆ ಇಸ್ತ್ರಿ ಇತ್ತು. ಒಳಗಿಂದ ಹೆಂಗಸು ಊಟಕ್ಕೆ ಕರೆದರೆ ‘ಬಂದೆ ಬಂದೆ’ ಎಂದು ಹೋಗಲಿಲ್ಲ. ಕಂಡದ್ದನ್ನೆಲ್ಲ ಹೇಳಿದೆ. ಜೀವಮಾನವಿಡೀ ವಿವರ ಕಲೆಹಾಕಿದವನು ನಾನು, ಇಷ್ಟು ಆಸೆಯಿಂದ ಕೇಳಿಸಿಕೊಂಡವರು ಯಾರೂ ಇರಲಿಲ್ಲ. ಒಂದು ಕಣ್ಣು ಮುಚ್ಚುವ ಶ್ರಮ ಉಳಿಯಿತು ಎಂದನಲ್ಲ, ಅದನ್ನು ಎರಡು ಸಲ ಹೇಳಿಸಿದರು. ನಕ್ಕರೋ ಏನೋ ತಿಳಿಯಲಿಲ್ಲ, ಬಾಯಿಗೆ ಕೈ ಅಡ್ಡ ಇತ್ತು.

“ಬರಬೇಡ ಅಂದದ್ದು ತಪ್ಪಾಯ್ತೇನೋ ಅಂದ,” ಎಂದೆ.

ಅವರು ಮತ್ತೆ ಕಿಟಕಿಯ ಕಡೆ ತಿರುಗಿದರು.

ಅಕಾಡೆಮಿಗೆ ವಾಪಸು ಬನ್ನಿ, ನಾನು ಮನೆಮನೆಗೆ ಹೋಗಿ ಹೇಳುತ್ತೇನೆ ಎಂದೆ. ಬೇಡವೆಂದು ತಲೆಯಾಡಿಸಿದರು. “ಇನ್ನು ಅಲ್ಲಿ ನಿಂತ್ರೆ ಎಲ್ಲರೂ ನನ್ನ ಕೈಗಳನ್ನೇ ನೋಡ್ತಾರೆ. ಮಕ್ಕಳೂ ನೋಡೋಕೆ ಶುರುಮಾಡ್ತಾರೆ. ಅದು ಬೇಡ ಸಾರ್.” ಆಟದ ಸಾಮಾನಿನ ಗೋದಾಮಿನಲ್ಲಿ ಕೆಲಸ ಸಿಕ್ಕಿದೆಯಂತೆ. ಬಾಗಿಲವರೆಗೆ ಬಂದು, “ಬೆಣಚು ಭುಜ ಬೇಗ ತೆರೀತಿದಾಳಾ?” ಎಂದರು.

ಹೌದು ಎಂದೆ. ಏನು ಮಾಡಬೇಕೆಂದು ತೋರಿಸಿಕೊಟ್ಟರು, ಚೆಂಡಿಲ್ಲದೆ.

ಮಾರ್ಚ್ ೩೦, ಭಾನುವಾರ

ಮಗಳು ಇಂದು ಮೊದಲ ಸಲ ಹೊರಗೆ ಬಂದಳು. ಬೆನ್ನಿಗೆ ಪಟ್ಟಿ ಕಟ್ಟಿಕೊಂಡು, ನನ್ನ ತೋಳು ಹಿಡಿದು, ಪಂದ್ಯ ನೋಡಲು.

ಬೆಣಚು ಚೆನ್ನಾಗಿ ಎಸೆಯುತ್ತಿದ್ದಳು. ಮೂಲೆ ಸರ್ ಹೇಳಿಕಳಿಸಿದಂತೆ ಭುಜ ಮುಚ್ಚಿಯೇ ಇತ್ತು. ಆಟದ ನಡುವೆ ಒಂದು ಚೆಂಡು ಜಾರಿ, ಎದುರು ತಂಡದ ಹುಡುಗಿಯ ತೋಳಿಗೆ ಬಡಿಯಿತು. ಆ ಸದ್ದು ನಮ್ಮವರೆಗೂ ಕೇಳಿಸಿತು. ಹುಡುಗಿ ತೋಳು ಉಜ್ಜಿಕೊಂಡು, ನಿಯಮದಂತೆ ಮೊದಲ ಬೇಸಿಗೆ ನಡೆದುಹೋದಳು. ಏನೂ ಆಗಿರಲಿಲ್ಲ. ಆದರೆ ಬೆಣಚು ದಿಬ್ಬದ ಮೇಲೆ ಚೆಂಡು ಹಿಡಿದು ನಿಂತೇ ಇದ್ದಳು. ದೊಡ್ಡ ಸರ್ ಎಸಿ ಎಸಿ ಎಂದು ಕೂಗಿದರು. ಅವಳು ಚೆಂಡನ್ನು ನೆಲದ ಮೇಲಿಟ್ಟು ಇಳಿದು ಬಂದಳು.

ಮನೆಯಲ್ಲಿ ಊಟ ಬೇಡವೆಂದಳು. ಅಮ್ಮ ಹೇಳಿದ್ದಾಯಿತು, ನಾನು ಹೇಳಿದ್ದಾಯಿತು. ಆ ಹುಡುಗಿಗೆ ನೋವಿಲ್ಲವಂತೆ, ನಾನೇ ವಿಚಾರಿಸಿ ಬಂದೆ ಎಂದೆ. ಗೋಡೆಯ ಕಡೆ ತಿರುಗಿ ಮಲಗಿದ್ದಳು. ಸ್ವಲ್ಪ ಹೊತ್ತಾದ ಮೇಲೆ, ತಿರುಗದೆಯೇ ಕೇಳಿದಳು.

“ಮೂಲೆ ಸರ್ ನಂಬರ್ ಇದೆಯಾ ನಿನ್ನ ಹತ್ರ?”

ಇತ್ತು. ನಾನೇ ಒತ್ತಿ, ಆ ಕಡೆಯಿಂದ ಹಲೋ ಎಂದದ್ದು ಕೇಳಿ, ಫೋನನ್ನು ಅವಳ ಕೈಗೆ ಕೊಟ್ಟೆ. ಅವಳು ಎದ್ದು ಕುಳಿತಳು. “ಸರ್, ನಾನು,” ಎಂದಳು.

ಬಾಗಿಲು ಎಳೆದುಕೊಂಡು ಹೊರಗೆ ಬಂದೆ. ಮಗಳು ಸೋಫಾದಿಂದ, “ಏನಂತೆ?” ಎಂದು ಸನ್ನೆ ಮಾಡಿದಳು. ಗೊತ್ತಿಲ್ಲ ಎಂದೆ. ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಪಾತ್ರೆ ತೊಳೆಯುತ್ತ ನಿಂತೆ. ತೊಳೆದಿದ್ದನ್ನೂ ಇನ್ನೊಮ್ಮೆ ತೊಳೆದೆ, ನೀರಿನ ಸದ್ದಿಗೆ ಒಳಗಿನದೇನೂ ಕೇಳಿಸಲಿಲ್ಲ. ಏನು ಮಾತಾಡಿಕೊಂಡರೋ ತಿಳಿಯದು. ಅವಳು ಬಂದು ತಟ್ಟೆ ಹಾಕು ಎಂದಳು. ಅನ್ನ ತಣ್ಣಗಾಗಿತ್ತು, ಬಿಸಿ ಮಾಡಿ ಬಡಿಸಿದೆ.